ನಗರ ಕೊಳೆಗೇರಿಗಳ ಸುಧಾರಣೆ ಮತ್ತು ಸಮುದಾಯದ ಸಹಭಾಗಿತ್ವ: ಮುಂಬಯಿ ಅನುಭವದ ಜಾನಪದೀಯ ಅವಲೋಕನ

ಪೀಠಿಕೆ

ಜಾನಪದವೆಂದರೆ ಹಳ್ಳಿಯ ಸ್ವತ್ತು, ನಗರವೆಂದರೆ ಜಾನಪದ ಕಳೆದುಹೋಗುವ ತಾಣ ಎಂಬ ತಿಳಿವಳಿಕೆ ಕನ್ನಡದ ಜಾನಪದ ಅಧ್ಯಯನಗಳ ಹಿಂದೆ ಬಹುಕಾಲ ಕೆಲಸ ಮಾಡಿದೆ. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1960ರ ದಶಕದಲ್ಲಿಯೇ ಈ ತಿಳಿವಳಿಕೆಯನ್ನು ಪ್ರಶ್ನಿಸಿದ್ದನು. ಕನಿಷ್ಠ ಒಂದು ಅಂಶವನ್ನಾದರೂ ಸಮಾನವಾಗಿ ಹಂಚಿಕೊಂಡ, ತನ್ನದೇ ಪರಂಪರೆಯುಳ್ಳ ಯಾವುದೇ ಗುಂಪನ್ನು 'ಜನಪದ' ಎಂದು ಕರೆಯಬಹುದೆಂಬುದು ಅವನ ನಿಲುವು. ಈ ನಿಲುವನ್ನು ಒಪ್ಪುವುದಾದರೆ ನಗರದ ಕೊಳೆಗೇರಿ, ಫುಟ್‌ಪಾತ್, ರೈಲುಹಳಿಯ ಪಕ್ಕದ ಗುಡಿಸಲು ಸಾಲುಗಳು ಜಾನಪದ ಅಧ್ಯಯನದ ಹೊರಗೆ ಉಳಿಯಲಾರವು. 2011ರ ಜನಗಣತಿಯ ಪ್ರಕಾರ ಭಾರತದ ಕೊಳೆಗೇರಿಗಳಲ್ಲಿ ವಾಸಿಸುವವರ ಸಂಖ್ಯೆ ಸುಮಾರು 6.5 ಕೋಟಿ, ಇದು ನಗರವಾಸಿಗಳ ಪೈಕಿ ನೂರಕ್ಕೆ ಸುಮಾರು 17ರಷ್ಟು. ಕರ್ನಾಟಕದಲ್ಲಿ ಈ ಸಂಖ್ಯೆ ಸುಮಾರು 33 ಲಕ್ಷ. ಬೃಹನ್ಮುಂಬಯಿಯಲ್ಲಿ ಹತ್ತರಲ್ಲಿ ನಾಲ್ವರು ಕೊಳೆಗೇರಿವಾಸಿಗಳು. ಇಷ್ಟು ದೊಡ್ಡ ಜನಸಮೂಹವು ಹೇಗೆ ಮನೆ ಕಟ್ಟುತ್ತದೆ, ಹೇಗೆ ನೀರು ಹಂಚಿಕೊಳ್ಳುತ್ತದೆ, ಹೇಗೆ ಲೆಕ್ಕ ಇಡುತ್ತದೆ ಎಂಬುದು ಯೋಜನಾ ತಜ್ಞರ ವಿಷಯವಾದಷ್ಟೇ ಜಾನಪದ ವಿದ್ವಾಂಸರ ವಿಷಯವೂ ಹೌದು.

ಕೊಳೆಗೇರಿ ಸುಧಾರಣೆಯ ಚರ್ಚೆಯಲ್ಲಿ 'ಸಮುದಾಯದ ಸಹಭಾಗಿತ್ವ' ಎಂಬ ಮಾತು ಇಂದು ಸರ್ವೇಸಾಮಾನ್ಯವಾಗಿದೆ. ಸರ್ಕಾರದ ಸುತ್ತೋಲೆಗಳಲ್ಲಿಯೂ ಸಾಲ ನೀಡುವ ಸಂಸ್ಥೆಗಳ ವರದಿಗಳಲ್ಲಿಯೂ ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಆದರೆ ಜನರು ನಿಜವಾಗಿ ಯಾವುದರಲ್ಲಿ ಭಾಗಿಗಳಾಗುತ್ತಾರೆ, ಶ್ರಮದಲ್ಲಿಯೋ, ಹಣದಲ್ಲಿಯೋ ಅಥವಾ ತೀರ್ಮಾನದಲ್ಲಿಯೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮುಂಬಯಿಯ ಫುಟ್‌ಪಾತ್‌ವಾಸಿ ಮಹಿಳೆಯರು 1980ರ ದಶಕದಿಂದ ರೂಪಿಸಿಕೊಂಡ ಕೆಲವು ವಿಧಾನಗಳನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿಧಾನಗಳು ಹೊರಗಿನಿಂದ ಬಂದ ತಂತ್ರಗಳಲ್ಲ; ಜನಪದರ ಅಳತೆ, ಲೆಕ್ಕ, ಮುಯ್ಯಿ ಮತ್ತು ಜಾತ್ರೆಯ ಪರಂಪರೆಗಳು ನಗರದಲ್ಲಿ ಪಡೆದ ಹೊಸ ರೂಪಗಳು ಎಂಬುದು ಇಲ್ಲಿನ ಮುಖ್ಯ ವಾದ.

1. ಹೆಸರಿನಲ್ಲಿ ಅಡಗಿದ ನೋಟ

ಕನ್ನಡದಲ್ಲಿ 'ಕೇರಿ' ಎಂಬುದು ಜನ ಒಟ್ಟಾಗಿ ನೆಲೆಸಿದ ಬೀದಿಯನ್ನು, ವಸತಿಯ ಸಮೂಹವನ್ನು ಸೂಚಿಸುವ ಹಳೆಯ ಶಬ್ದ. ಕಸುಬಿನ ಹೆಸರಿನ, ಜಾತಿಯ ಹೆಸರಿನ ಕೇರಿಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ಈ ಶಬ್ದಕ್ಕೆ 'ಕೊಳೆ' ಸೇರಿ 'ಕೊಳೆಗೇರಿ' ಆದಾಗ ಜನರು ಹಿಂದೆ ಸರಿದು ಕೊಳೆ ಮುಂದೆ ಬಂದಿತು. ಆಡಳಿತದ ಭಾಷೆಯ 'ಕೊಳಚೆ ಪ್ರದೇಶ'ದಲ್ಲಿ ಕೇರಿಯೂ ಇಲ್ಲವಾಗಿ ಬರಿಯ ಪ್ರದೇಶ ಉಳಿಯಿತು. 1973ರ ಕರ್ನಾಟಕದ ಕೊಳೆಗೇರಿ ಕಾಯಿದೆಯ ಹೆಸರಿನಲ್ಲಿಯೇ 'ಅಭಿವೃದ್ಧಿ' ಮತ್ತು 'ನಿರ್ಮೂಲನೆ' ಎಂಬ ಎರಡು ಉದ್ದೇಶಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಆ ಕಾಯಿದೆಯಡಿ 1975ರಲ್ಲಿ ಸ್ಥಾಪಿತವಾದ ಮಂಡಳಿಯು ಮೊದಲು ನಿರ್ಮೂಲನದ ಹೆಸರನ್ನೇ ಹೊತ್ತಿದ್ದು ನಂತರ ಅಭಿವೃದ್ಧಿ ಮಂಡಳಿಯಾಯಿತು. ಹೆಸರಿನ ಈ ಬದಲಾವಣೆ ಕ್ಷುಲ್ಲಕವಲ್ಲ. ನಿರ್ಮೂಲನೆಯ ನೋಟವು ಕೇರಿಯನ್ನು ರೋಗವೆಂದು ಭಾವಿಸುತ್ತದೆ. ಸುಧಾರಣೆಯ ನೋಟವು ಅಲ್ಲಿ ಈಗಾಗಲೇ ಕಟ್ಟಲ್ಪಟ್ಟಿರುವುದನ್ನು ಬಂಡವಾಳವೆಂದು ಕಾಣುತ್ತದೆ.

ನಿರ್ಮೂಲನೆಯ ನೋಟದಲ್ಲಿ ಒಂದು ಮೂಲಭೂತ ದೋಷವಿದೆ. ಗುಡಿಸಲನ್ನು ಕೆಡವಿದರೆ ಗುಡಿಸಲಿನ ಕಾರಣ ಕೆಡವಿದಂತಾಗುವುದಿಲ್ಲ. ದುಡಿಮೆ ಇರುವಲ್ಲಿಗೆ ನಡೆದು ಹೋಗುವಷ್ಟು ಸಮೀಪದಲ್ಲಿ ವಾಸಿಸಬೇಕಾದ ಅನಿವಾರ್ಯತೆ ಬಡವರನ್ನು ಫುಟ್‌ಪಾತಿಗೆ ತಂದಿರುತ್ತದೆ. ಆದ್ದರಿಂದ ಕೆಡವಿದ ಗುಡಿಸಲು ಅಲ್ಲಿಯೇ ಅಥವಾ ಅಲ್ಲಿಗೆ ಹತ್ತಿರದಲ್ಲಿಯೇ ಮತ್ತೆ ಏಳುತ್ತದೆ. ಪ್ರತಿ ಸಲವೂ ಆ ಕುಟುಂಬ ಪಾತ್ರೆ, ತಗಡು, ಮರದ ತುಂಡುಗಳನ್ನು ಕಳೆದುಕೊಂಡು ಮತ್ತಷ್ಟು ಬಡವಾಗುತ್ತದೆ.

2. ತೆರವು ಮತ್ತು ತೀರ್ಪು: 1981–1985

1981ರ ಜುಲೈ ತಿಂಗಳ ಮಳೆಯಲ್ಲಿ ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆ ಅವರ ಸರ್ಕಾರವು ಮುಂಬಯಿಯ ಫುಟ್‌ಪಾತ್‌ವಾಸಿಗಳನ್ನು ತೆರವುಗೊಳಿಸಿ ನಗರದ ಹೊರಕ್ಕೆ ಸಾಗಿಸಲು ತೀರ್ಮಾನಿಸಿತು. ಇದನ್ನು ಪ್ರಶ್ನಿಸಿ ಪತ್ರಕರ್ತೆ ಓಲ್ಗಾ ಟೆಲಿಸ್ ಮುಂತಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿತು. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಅದು ಘೋಷಿಸಿತು. ಆದರೆ ಅದೇ ತೀರ್ಪು ಸೂಕ್ತ ನೋಟೀಸು ನೀಡಿ ಫುಟ್‌ಪಾತುಗಳನ್ನು ತೆರವುಗೊಳಿಸುವ ಅಧಿಕಾರ ನಗರಸಭೆಗಿದೆ ಎಂಬುದನ್ನೂ ಒಪ್ಪಿತು. 1976ರ ಗಣತಿಯಲ್ಲಿ ದಾಖಲಾದವರಿಗೆ ಬದಲಿ ನಿವೇಶನ ಕೊಡಬೇಕೆಂದೂ, ಮಳೆಗಾಲ ಮುಗಿಯುವವರೆಗೆ, ಅಂದರೆ ಅಕ್ಟೋಬರ್ 31ರವರೆಗೆ ಗುಡಿಸಲುಗಳನ್ನು ಕೆಡವಬಾರದೆಂದೂ ಸೂಚಿಸಿತು.

ಹಕ್ಕು ತಾತ್ವಿಕವಾಗಿ ದೊರೆತು ಗುಡಿಸಲು ವಾಸ್ತವವಾಗಿ ಅಪಾಯದಲ್ಲಿ ಉಳಿದ ಈ ವಿಚಿತ್ರ ಸಂದರ್ಭದಲ್ಲಿ ಮೂರು ಸಂಘಟನೆಗಳು ಒಂದಾದವು. ಮೊದಲನೆಯದು 1984ರಲ್ಲಿ ಸ್ಥಾಪನೆಗೊಂಡು ಬೈಕಲಾ ಪ್ರದೇಶದ ಫುಟ್‌ಪಾತ್ ಮಹಿಳೆಯರೊಡನೆ ಕೆಲಸ ಆರಂಭಿಸಿದ 'ಸ್ಪಾರ್ಕ್' ಸಂಸ್ಥೆ. ಅದರ ಸ್ಥಾಪಕರಲ್ಲಿ ಶೀಲಾ ಪಟೇಲ್ ಪ್ರಮುಖರು. ಎರಡನೆಯದು 1970ರ ದಶಕದ ಮಧ್ಯಭಾಗದಲ್ಲಿ ಹುಟ್ಟಿದ ರಾಷ್ಟ್ರೀಯ ಕೊಳೆಗೇರಿವಾಸಿಗಳ ಒಕ್ಕೂಟ. ಮೂರನೆಯದು 1986ರಲ್ಲಿ ಫುಟ್‌ಪಾತ್ ಮಹಿಳೆಯರೇ ಕಟ್ಟಿಕೊಂಡ 'ಮಹಿಳಾ ಮಿಲನ್'.

ಒಕ್ಕೂಟದ ಸ್ಥಾಪಕ ಜೋಕಿನ್ ಅರ್ಪುತಂ ಅವರ ಬದುಕಿಗೆ ಕರ್ನಾಟಕದ ನಂಟಿದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಅವರು 1960ರ ದಶಕದಲ್ಲಿ ದುಡಿಮೆಗಾಗಿ ಮುಂಬಯಿಗೆ ಹೋಗಿ ಜನತಾ ಕಾಲೊನಿ ಎಂಬ ಕೊಳೆಗೇರಿಯಲ್ಲಿ ನೆಲೆಸಿದರು. ಅಣುಶಕ್ತಿ ಸಂಶೋಧನ ಕೇಂದ್ರದ ಸಮೀಪವಿದ್ದ ಆ ಕಾಲೊನಿಯನ್ನು ದೀರ್ಘ ಹೋರಾಟದ ನಂತರವೂ ಉಳಿಸಿಕೊಳ್ಳಲಾಗಲಿಲ್ಲ. 1976ರಲ್ಲಿ ಅದನ್ನು ಕೆಡವಿ ನಿವಾಸಿಗಳನ್ನು ಚೀತಾ ಕ್ಯಾಂಪಿಗೆ ಸ್ಥಳಾಂತರಿಸಲಾಯಿತು. ಪ್ರತಿಭಟನೆಯೊಂದೇ ಸಾಲದು, ಪರ್ಯಾಯವನ್ನು ಕೊಳೆಗೇರಿಯವರೇ ಸಿದ್ಧಪಡಿಸಿ ಸರ್ಕಾರದ ಮುಂದಿಡಬೇಕೆಂಬ ಮುಂದಿನ ಕಾರ್ಯನೀತಿಯ ಹಿಂದೆ ಈ ಸೋಲಿನ ಪಾಠವಿದೆ. ಅರ್ಪುತಂ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2011ರಲ್ಲಿ ಪದ್ಮಶ್ರೀಯೂ ಸಂದವು. 2018ರಲ್ಲಿ ಅವರು ನಿಧನರಾದರು.

3. ಎಣಿಕೆ: ತಮ್ಮನ್ನು ತಾವೇ ಲೆಕ್ಕ ಹಾಕಿಕೊಳ್ಳುವುದು

ತೀರ್ಪು ಬಂದ 1985ರಲ್ಲಿಯೇ ಫುಟ್‌ಪಾತ್‌ವಾಸಿಗಳ ಗಣತಿಯೊಂದು ನಡೆಯಿತು. ಸುಮಾರು 6,000 ಕುಟುಂಬಗಳನ್ನು, ಸುಮಾರು 27,000 ಜನರನ್ನು ಒಳಗೊಂಡ ಈ ಗಣತಿಯ ವರದಿಗೆ 'ಕಣ್ಣಿಗೆ ಬೀಳದ ನಾವು' ಎಂಬರ್ಥದ ಶೀರ್ಷಿಕೆಯಿತ್ತು. ಫುಟ್‌ಪಾತಿನವರು ನಿನ್ನೆ ಮೊನ್ನೆ ಬಂದವರು, ಇಂದಲ್ಲ ನಾಳೆ ಊರಿಗೆ ಹಿಂತಿರುಗುವವರು ಎಂಬ ನಗರದ ನಂಬಿಕೆಯನ್ನು ಈ ಗಣತಿ ಅಲುಗಾಡಿಸಿತು. ಅವರಲ್ಲಿ ಅನೇಕರು ದಶಕಗಳಿಂದ ಅದೇ ಬೀದಿಯಲ್ಲಿದ್ದವರು, ನಗರದ ಅತಿ ಕಡಮೆ ಕೂಲಿಯ ಕೆಲಸಗಳನ್ನು ಮಾಡುತ್ತಿದ್ದವರು.

ಈ ಎಣಿಕೆಯ ವಿಧಾನ ಮುಂದೆ ಒಂದು ಪದ್ಧತಿಯಾಗಿ ಬೆಳೆಯಿತು. ಮೊದಲು ನಿವಾಸಿಗಳು ವಸತಿಯನ್ನು ಸುತ್ತಾಡಿ ಒರಟಾದ ನಕ್ಷೆ ಬರೆಯುತ್ತಾರೆ. ಪ್ರತಿ ಗುಡಿಸಲಿನ ಬಾಗಿಲಿಗೆ ಸೀಮೆಸುಣ್ಣದಿಂದ ಸಂಖ್ಯೆ ಹಾಕುತ್ತಾರೆ. ನಂತರ ಮನೆಮನೆಯ ವಿವರ ಬರೆದುಕೊಂಡು ಆ ಪಟ್ಟಿಯನ್ನು ಎಲ್ಲರ ಮುಂದಿಡುತ್ತಾರೆ. ಯಾರ ಹೆಸರು ಬಿಟ್ಟುಹೋಗಿದೆ, ಯಾರು ಎರಡು ಕಡೆ ಬರೆಸಿಕೊಂಡಿದ್ದಾರೆ, ಯಾವ ಬೀಗ ಹಾಕಿದ ಮನೆಯವರು ಊರಿಗೆ ಹೋಗಿದ್ದಾರೆ ಎಂಬುದನ್ನು ನೆರೆಹೊರೆಯವರೇ ಹೇಳಿ ತಿದ್ದುತ್ತಾರೆ. ಸರ್ಕಾರಿ ಗಣತಿಯಲ್ಲಿ ಅಧಿಕಾರಿ ಕೇಳುತ್ತಾನೆ, ನಿವಾಸಿ ಉತ್ತರಿಸುತ್ತಾನೆ, ಕಾಗದ ಕಚೇರಿಗೆ ಹೋಗುತ್ತದೆ. ಇಲ್ಲಿ ಕಾಗದ ಕೇರಿಗೇ ಹಿಂತಿರುಗುತ್ತದೆ.

ಜಾನಪದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿಯೆಂದರೆ ಈ ಪಟ್ಟಿಯ ಪ್ರಾಮಾಣ್ಯ ಮೌಖಿಕವಾದುದು. ಗ್ರಾಮಗಳಲ್ಲಿ ಹೊಲದ ಬದುವಿನ ವಿವಾದವನ್ನು ಹಿರಿಯರ ನೆನಪಿನ ಆಧಾರದಿಂದ ತೀರ್ಮಾನಿಸುವಂತೆ, ವಂಶಾವಳಿಯನ್ನು ಹೆಳವರು ಒಕ್ಕಲಿನವರ ಮುಂದೆ ಓದಿ ಒಪ್ಪಿಗೆ ಪಡೆಯುವಂತೆ, ಇಲ್ಲಿಯೂ ಸಮುದಾಯದ ಸ್ಮೃತಿಯೇ ಸಾಕ್ಷಿ. ಅದು ಬರಹಕ್ಕಿಳಿದು ನಕ್ಷೆ, ಸಂಖ್ಯೆ, ಪಟ್ಟಿಗಳ ರೂಪ ತಾಳಿದಾಗ ಆಡಳಿತಕ್ಕೆ ಅರ್ಥವಾಗುವ ಭಾಷೆಯಾಗುತ್ತದೆ. ವಾಸದ ದಾಖಲೆಯೇ ಇಲ್ಲದವರಿಗೆ ಈ ಭಾಷಾಂತರದ ಬೆಲೆ ಬಹು ದೊಡ್ಡದು. 1995ರ ಜನವರಿ 1ಕ್ಕಿಂತ ಮೊದಲಿನಿಂದ ವಾಸವಿದ್ದುದನ್ನು ತೋರಿಸಬಲ್ಲ ಫುಟ್‌ಪಾತ್‌ವಾಸಿಗಳಿಗೂ ಪುನರ್ವಸತಿಯ ಅರ್ಹತೆಯಿದೆ ಎಂದು ಮಹಾರಾಷ್ಟ್ರ ಸರ್ಕಾರ ಒಪ್ಪಿದಾಗ, ಹಿಂದಿನ ಎಣಿಕೆಗಳ ಪ್ರಯೋಜನ ಸ್ಪಷ್ಟವಾಯಿತು.

4. ಉಳಿತಾಯ: ಮುಯ್ಯಿಯ ನಗರ ರೂಪ

ಮಹಿಳಾ ಮಿಲನ್‌ನ ದಿನನಿತ್ಯದ ಕೆಲಸ ಉಳಿತಾಯ. ಗುಂಪಿನ ಒಬ್ಬ ಮಹಿಳೆ ಪ್ರತಿದಿನ ಮನೆಮನೆಗೆ ಹೋಗಿ, ಕೊಟ್ಟಷ್ಟು ಹಣ ಪಡೆದು ಬರುತ್ತಾಳೆ. ಇಷ್ಟೇ ಕೊಡಬೇಕೆಂಬ ನಿಯಮವಿಲ್ಲ; ಒಂದು ರೂಪಾಯಿಯೂ ಸಲ್ಲುತ್ತದೆ, ಏನೂ ಕೊಡಲಾಗದ ದಿನವೂ ಸಲ್ಲುತ್ತದೆ. ದಿನಗೂಲಿಯವರಿಗೆ ತಿಂಗಳ ಕಂತು ಹೊಂದುವುದಿಲ್ಲ. ಹಣ ಕೈಗೆ ಬಂದ ದಿನವೇ ಅದು ಉಳಿಯಬೇಕು ಎಂಬ ಅನುಭವ ಇದರ ಹಿಂದಿದೆ. ಕಾಯಿಲೆ, ಹೆರಿಗೆ, ದಿಢೀರ್ ಕೆಲಸ ತಪ್ಪುವಿಕೆ ಮುಂತಾದ ಸಂದರ್ಭಗಳಲ್ಲಿ ಇದೇ ನಿಧಿಯಿಂದ ಸಾಲ ದೊರೆಯುತ್ತದೆ.

ಓದುಬರಹ ಬಾರದ ಸದಸ್ಯೆಯರಿಗಾಗಿ ಬಣ್ಣದ ಕಾಗದದ ಚೂರುಗಳನ್ನು ಬಳಸಿದ್ದು ಈ ವ್ಯವಸ್ಥೆಯ ಗಮನಾರ್ಹ ಅಂಶ. ಒಂದೊಂದು ಬಣ್ಣಕ್ಕೆ ಒಂದೊಂದು ಮೊತ್ತ ನಿಗದಿಯಾಗಿದ್ದು, ಕೊಟ್ಟ ಹಣಕ್ಕೆ ಸರಿಯಾದ ಚೂರುಗಳು ಸದಸ್ಯೆಯ ಚೀಲ ಸೇರುತ್ತಿದ್ದವು. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುವ, ಧಾನ್ಯ ಅಳೆಯುವಾಗ ಕೊಳಗಕ್ಕೊಂದು ಕಾಳು ತೆಗೆದಿಡುವ, ಹಗ್ಗದ ಗಂಟಿನಲ್ಲಿ ದಿನ ಎಣಿಸುವ ನಮ್ಮ ಜನಪದ ಲೆಕ್ಕದ ಕ್ರಮಗಳನ್ನು ಬಲ್ಲವರಿಗೆ ಇದರ ಕುಲ ತಿಳಿಯುತ್ತದೆ. ಅನಕ್ಷರತೆಯು ಲೆಕ್ಕ ತಿಳಿಯದಿರುವಿಕೆ ಅಲ್ಲ ಎಂಬ ಜಾನಪದ ಅಧ್ಯಯನದ ಹಳೆಯ ತೀರ್ಮಾನಕ್ಕೆ ಇದೊಂದು ನಗರದ ನಿದರ್ಶನ.

ಹಣ ಸಂಗ್ರಹಿಸುವವಳು ಪ್ರತಿದಿನ ಹೊಸ್ತಿಲಿಗೆ ಬರುವುದರಿಂದ ಹಣದೊಡನೆ ಸುದ್ದಿಯೂ ಸಂಗ್ರಹವಾಗುತ್ತದೆ. ಯಾರ ಮನೆಯಲ್ಲಿ ಜ್ವರ, ಯಾರ ಗಂಡ ಹೊಡೆದ, ಯಾವ ಬೀದಿಯಲ್ಲಿ ನಗರಸಭೆಯ ಲಾರಿ ಕಾಣಿಸಿತು ಎಂಬುದೆಲ್ಲ ಆಕೆಗೆ ಗೊತ್ತಿರುತ್ತದೆ. ನಮ್ಮ ಹಳ್ಳಿಗಳ 'ಮುಯ್ಯಿ' ಪದ್ಧತಿಯಲ್ಲಿ ಮುಯ್ಯಾಳಾಗಿ ಬಂದವರು ಶ್ರಮದ ಜೊತೆಗೆ ವಿಶ್ವಾಸವನ್ನೂ ತರುತ್ತಾರೆ. ಪಡೆದ ಮುಯ್ಯಿಯನ್ನು ತೀರಿಸದವನು ಹಣವನ್ನಲ್ಲ, ಮರ್ಯಾದೆಯನ್ನು ಕಳೆದುಕೊಳ್ಳುತ್ತಾನೆ. ಮಹಿಳಾ ಮಿಲನ್‌ನ ಸಾಲಕ್ಕೆ ಆಸ್ತಿಯ ಅಡಮಾನವಿಲ್ಲ. ನೆರೆಯವರ ನಂಬಿಕೆಯೇ ಅಡಮಾನ. ಮನೆ ಕಟ್ಟುವ ಹಂತ ಬಂದಾಗ ಈ ನಂಬಿಕೆಯೇ ಸಹಕಾರ ಸಂಘದ ಅಡಿಪಾಯವಾಯಿತು.

5. ಮನೆಯ ಅಳತೆ: ಸೀರೆಯೇ ಮಾಪಕ

ತೆರವಿನ ಭೀತಿಯ ನಡುವೆಯೇ ಬೈಕಲಾದ ಮಹಿಳೆಯರು ತಮಗೆ ಎಂಥ ಮನೆ ಬೇಕೆಂಬ ಚರ್ಚೆ ಆರಂಭಿಸಿದರು. ನಗರದಲ್ಲಿ ಕಟ್ಟಲಾಗುತ್ತಿದ್ದ ವಿವಿಧ ವಸತಿಗಳನ್ನು ನೋಡಿ ಬಂದರು. ಅಡಿ, ಮೀಟರುಗಳ ಲೆಕ್ಕ ಕೈಗೆ ಹತ್ತದಿದ್ದಾಗ ಉಟ್ಟ ಸೀರೆಯ ಉದ್ದದಿಂದ ಎತ್ತರ, ಅಗಲಗಳನ್ನು ಅಂದಾಜು ಮಾಡಿದರು. ಗೇಣು, ಮೊಳ, ಮಾರುಗಳೆಂಬ ದೇಹದ ಅಳತೆಗಳಿಂದಲೇ ಮನೆ ಕಟ್ಟುತ್ತ ಬಂದ ಪರಂಪರೆಗೆ ಸೀರೆಯ ಅಳತೆ ಸಹಜವಾದ ವಿಸ್ತರಣೆ. ದೇಹಕ್ಕೆ ಗೊತ್ತಿರುವ ಅಳತೆಯಿಂದ ಯೋಚಿಸಿದಾಗ ಮಾತ್ರ 'ಇಷ್ಟು ಜಾಗದಲ್ಲಿ ಎಷ್ಟು ಜನ ಮಲಗಬಹುದು' ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಚರ್ಚೆಯಿಂದ ಹೊರಬಂದ ವಿನ್ಯಾಸ ಸರಳವಾಗಿತ್ತು: 14 ಅಡಿ ಎತ್ತರದ ಒಂದು ಕೋಣೆ, ಅದರ ಒಂದು ಭಾಗದಲ್ಲಿ ಅಟ್ಟ. ನೆಲದ ವಿಸ್ತೀರ್ಣ ಹೆಚ್ಚಿಸಿದರೆ ಖರ್ಚು ಏರುತ್ತದೆ. ಎತ್ತರ ಹೆಚ್ಚಿಸಿ ಅಟ್ಟ ಹಾಕಿದರೆ ಕಡಮೆ ಖರ್ಚಿನಲ್ಲಿ ಮಲಗುವ ಜಾಗ ದೊರೆಯುತ್ತದೆ, ಗಾಳಿಯೂ ಆಡುತ್ತದೆ. ಮಲೆನಾಡಿನ ಮನೆಯ ಅಟ್ಟವಾಗಲಿ, ಬಯಲುಸೀಮೆಯ ಮನೆಗಳ ಅಟ್ಟವಾಗಲಿ ಇದೇ ತರ್ಕದಿಂದ ಹುಟ್ಟಿದವು. ಮನೆಯೊಳಗೆ ಶೌಚಾಲಯಕ್ಕೆ ಜಾಗ ಕೊಡುವ ಬದಲು ಕೆಲವು ಕುಟುಂಬಗಳಿಗೆ ಸೇರಿ ಹೊರಗೆ ಶೌಚಾಲಯವಿರಲಿ ಎಂದೂ ಅವರು ಬಯಸಿದರು. ತಜ್ಞರಿಗೆ ಇದು ಹಿನ್ನಡೆಯಂತೆ ಕಾಣಬಹುದು. ಆದರೆ ಒಂದೇ ಕೋಣೆಯಲ್ಲಿ ಅಡುಗೆ, ಕೈಕೆಲಸ, ನಿದ್ರೆ ಎಲ್ಲವೂ ನಡೆಯಬೇಕಾದವರಿಗೆ ಆ ಜಾಗದ ಪ್ರತಿ ಗೇಣೂ ದುಡಿಮೆಯ ಜಾಗ.

ಈ ವಿನ್ಯಾಸವನ್ನು ಕಾಗದದ ಮೇಲೆ ಬಿಡದೆ, ಮರದ ಚೌಕಟ್ಟಿಗೆ ಬಟ್ಟೆ ಸುತ್ತಿ ನಿಜಗಾತ್ರದ ಮಾದರಿ ಮನೆಯನ್ನು ಕಟ್ಟಿ ಪ್ರದರ್ಶಿಸಲಾಯಿತು. ನಕ್ಷೆ ಓದಲು ಬಾರದವರು ಆ ಮನೆಯೊಳಗೆ ನಡೆದರು, ಅಟ್ಟ ಹತ್ತಿದರು, ಒಲೆ ಎಲ್ಲಿಡಬೇಕೆಂದು ವಾದಿಸಿದರು. ಅಧಿಕಾರಿಗಳೂ ಬಂದು ನೋಡಿದರು. 2001ರ ಜೂನ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಒಳಾಂಗಣದಲ್ಲಿಯೇ ಇಂಥ ಮಾದರಿ ಮನೆಯೂ ಮಕ್ಕಳ ಶೌಚಾಲಯದ ಮಾದರಿಯೂ ಎದ್ದು ನಿಂತವು. ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವುಗಳನ್ನು ವೀಕ್ಷಿಸಿದರು. ಬೈಕಲಾದ ಫುಟ್‌ಪಾತ್ ಕುಟುಂಬಗಳು ಮುಂದೆ ಮಾನಖುರ್ದಿನ ಮಿಲನ್ ನಗರದಲ್ಲಿ ಮನೆ ಪಡೆದವು. ಆದರೆ ಚರ್ಚೆ ಆರಂಭವಾದಂದಿನಿಂದ ಅಲ್ಲಿಯವರೆಗೆ ಸುಮಾರು ಎರಡು ದಶಕಗಳೇ ಸಂದಿದ್ದವು ಎಂಬುದನ್ನು ಮರೆಯಬಾರದು.

6. ಶೌಚಾಲಯ ಮತ್ತು ಮೇಳ

ಕೊಳೆಗೇರಿಯ ಬದುಕಿನ ಅತ್ಯಂತ ಅವಮಾನಕರ ಅಂಶ ಬಯಲು ಶೌಚ. ವಿಶೇಷವಾಗಿ ಮಹಿಳೆಯರು ಕತ್ತಲಾಗುವವರೆಗೆ ಕಾಯಬೇಕು; ಈ ಕಾಯುವಿಕೆಯೇ ಅನೇಕ ರೋಗಗಳಿಗೆ ಕಾರಣ. ನಗರಸಭೆಗಳು ಕಟ್ಟಿಸಿದ ಸಾರ್ವಜನಿಕ ಶೌಚಾಲಯಗಳು ಇದಕ್ಕೆ ಉತ್ತರವಾಗಲಿಲ್ಲ. ಗುತ್ತಿಗೆದಾರನು ಕಟ್ಟಿ ಹೋದ ಮೇಲೆ ನೀರಿಲ್ಲ, ದೀಪವಿಲ್ಲ, ಶುಚಿಗೊಳಿಸುವ ಹೊಣೆ ಯಾರದೂ ಅಲ್ಲ. ಕೆಲವೇ ತಿಂಗಳುಗಳಲ್ಲಿ ಅವು ಬಳಕೆಗೆ ಬಾರದಂತಾಗುತ್ತಿದ್ದವು.

1999ರಿಂದ 2001ರ ಅವಧಿಯಲ್ಲಿ ಪುಣೆ ನಗರಪಾಲಿಕೆಯು ಆಯುಕ್ತ ರತ್ನಾಕರ ಗಾಯಕವಾಡ ಅವರ ಕಾಲದಲ್ಲಿ ಬೇರೆ ದಾರಿ ಹಿಡಿಯಿತು. ಸ್ವಯಂಸೇವಾ ಸಂಸ್ಥೆಗಳಿಗೆ, ಅವುಗಳ ಮೂಲಕ ಕೊಳೆಗೇರಿಯ ಸಂಘಟನೆಗಳಿಗೆ, ಶೌಚಾಲಯ ಕಟ್ಟುವ ಮತ್ತು ನಿರ್ವಹಿಸುವ ಹೊಣೆ ನೀಡಲಾಯಿತು. ಈ ಅವಧಿಯಲ್ಲಿ 400ಕ್ಕೂ ಹೆಚ್ಚು ಸಮುದಾಯ ಶೌಚಾಲಯಗಳು ನಿರ್ಮಾಣವಾದವು. ಮುಂಬಯಿಯಲ್ಲಿಯೂ ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 300ಕ್ಕೂ ಹೆಚ್ಚು ಶೌಚಾಲಯಗಳು ಇದೇ ತತ್ತ್ವದ ಮೇಲೆ ಎದ್ದವು.

ಇವುಗಳ ವಿನ್ಯಾಸದಲ್ಲಿ ಮಹಿಳೆಯರ ಅನುಭವ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಹೀಗೆ ಸಂಗ್ರಹಿಸಬಹುದು:

(ಅ) ಹೆಂಗಸರಿಗೆ ಮತ್ತು ಗಂಡಸರಿಗೆ ಪ್ರತ್ಯೇಕ ದ್ವಾರ, ಪ್ರತ್ಯೇಕ ಸಾಲು. ಒಂದೇ ಸಾಲಿದ್ದಲ್ಲಿ ಬೆಳಗಿನ ಹೊತ್ತು ಗಂಡಸರು ನುಗ್ಗುತ್ತಾರೆ, ಹೆಂಗಸರು ಹಿಂದೆ ಉಳಿಯುತ್ತಾರೆ.

(ಆ) ಒಳಕ್ಕೂ ಹೊರಕ್ಕೂ ತೆರೆಯುವ ಬಾಗಿಲು. ನೀರಿನ ಬಕೆಟ್ ಹಿಡಿದು, ಸೀರೆ ಸಂಭಾಳಿಸುತ್ತ ಒಳಹೋಗುವವರ ಕಷ್ಟ ಇದರಿಂದ ನೀಗುತ್ತದೆ.

(ಇ) ಮಕ್ಕಳಿಗೆ ಚಿಕ್ಕ ಗಾತ್ರದ ಪ್ರತ್ಯೇಕ ಶೌಚಾಲಯ. ದೊಡ್ಡವರ ಗುಂಡಿಯಲ್ಲಿ ಬಿದ್ದುಬಿಡುವ ಭಯದಿಂದಲೂ, ಸಾಲಿನಲ್ಲಿ ದೊಡ್ಡವರು ಹಿಂದೆ ತಳ್ಳುವುದರಿಂದಲೂ ಮಕ್ಕಳು ಹೊರಗೆ ಚರಂಡಿಯ ಬಳಿ ಕೂರುತ್ತಾರೆ.

(ಈ) ಕಾವಲಿನ ಕುಟುಂಬಕ್ಕೆ ಅಲ್ಲಿಯೇ ಒಂದು ಕೋಣೆ. ಬಳಸುವ ಕುಟುಂಬಗಳು ಕೊಳ್ಳುವ ಮಾಸಿಕ ಪಾಸಿನ ಹಣದಿಂದ ನಿರ್ವಹಣೆ ನಡೆಯುತ್ತದೆ.

ಹೊಸ ಶೌಚಾಲಯಗಳ ಆರಂಭವನ್ನು ಮೇಳವಾಗಿ ಆಚರಿಸಿದ್ದು ಜಾನಪದ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ 'ಶೌಚಾಲಯ ಮೇಳ'ಗಳನ್ನು ಚರ್ಚಿಸಿದ್ದಾರೆ. ಗುಟ್ಟಾಗಿ, ಲಜ್ಜೆಯಿಂದ ಮಾತನಾಡಬೇಕಾದ ವಿಷಯವನ್ನು ಸಂಭ್ರಮ, ಹಾಸ್ಯ, ಜನಜಂಗುಳಿಯ ನಡುವೆ ತಂದು, ಅದೇ ಜಾಗಕ್ಕೆ ಅಧಿಕಾರಿಗಳನ್ನೂ ಸಾಲ ನೀಡುವ ಸಂಸ್ಥೆಗಳ ಪ್ರತಿನಿಧಿಗಳನ್ನೂ ಕರೆದು ನಿಲ್ಲಿಸುವುದರಿಂದ ಅವಮಾನದ ವಸ್ತುವು ಘನತೆಯ ವಸ್ತುವಾಗಿ ಮಾರ್ಪಡುತ್ತದೆ ಎಂಬುದು ಅವರ ವಿವರಣೆಯ ಸಾರ. ಜಾತ್ರೆಯ ದಿನ ನಿತ್ಯದ ಮೇಲು ಕೀಳುಗಳು ತಾತ್ಕಾಲಿಕವಾಗಿ ಸಡಿಲಗೊಳ್ಳುವುದನ್ನು, ಹೋಳಿಯಂಥ ಹಬ್ಬಗಳಲ್ಲಿ ಆಡಬಾರದ ಮಾತಿಗೆ ಪರವಾನಗಿ ಸಿಗುವುದನ್ನು ಜಾನಪದ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಶೌಚಾಲಯ ಮೇಳ ಆ ಪರಂಪರೆಯ ಶಕ್ತಿಯನ್ನು ನಾಗರಿಕ ಹಕ್ಕಿನ ಕೆಲಸಕ್ಕೆ ಬಳಸಿಕೊಂಡಿತು.

7. ರೈಲುಹಳಿಯ ಪುನರ್ವಸತಿ: ಸಾಧನೆ ಮತ್ತು ಮಿತಿ

ಈ ವಿಧಾನಗಳು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾದದ್ದು ಮುಂಬಯಿ ನಗರ ಸಾರಿಗೆ ಯೋಜನೆಯ ಸಂದರ್ಭದಲ್ಲಿ. ಹಳಿಗೆ ತಾಗಿದಂತೆ ಗುಡಿಸಲುಗಳಿದ್ದ ಕಡೆ ಸುರಕ್ಷತೆಯ ಕಾರಣದಿಂದ ರೈಲುಗಳು ಗಂಟೆಗೆ 15 ಕಿ.ಮೀ. ವೇಗದಲ್ಲಿ ತೆವಳಬೇಕಾಗಿತ್ತು. ಹಳಿಯ ಪಕ್ಕದ ಮಕ್ಕಳು ಅಪಘಾತಗಳಿಗೆ ಬಲಿಯಾಗುತ್ತಿದ್ದರು. ರೈಲುಹಳಿಯ ನಿವಾಸಿಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡು, ಎಣಿಕೆ ನಡೆಸಿ, ಸುಮಾರು 50 ಕುಟುಂಬಗಳ ಗುಂಪುಗಳಾಗಿ ಸೇರಿ, ಉಳಿತಾಯ ಆರಂಭಿಸಿ ಸ್ಥಳಾಂತರಕ್ಕೆ ಸಿದ್ಧರಾದರು. 2000–2001ರ ಸುಮಾರಿಗೆ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಪೊಲೀಸ್ ಬಲವಿಲ್ಲದೆ ಹಳಿಯಿಂದ ಸರಿದು ತಾತ್ಕಾಲಿಕ ಮತ್ತು ಶಾಶ್ವತ ವಸತಿಗಳಿಗೆ ತೆರಳಿದವು. ನೆರೆಹೊರೆಯವರು ಒಟ್ಟಿಗೆ ಹೋದದ್ದರಿಂದ ಹಳೆಯ ಸಂಬಂಧಗಳು ಹೊಸ ಜಾಗದಲ್ಲಿಯೂ ಉಳಿದವು.

ಇದನ್ನು ದೊಡ್ಡ ಸಾಧನೆಯೆಂದು ಒಪ್ಪುತ್ತಲೇ ಇದರ ಮಿತಿಗಳನ್ನೂ ಗುರುತಿಸಬೇಕಾಗಿದೆ. ಅದೇ ಸಾರಿಗೆ ಯೋಜನೆಯ ರಸ್ತೆ ಕಾಮಗಾರಿಗಳಿಂದ ತೆರವುಗೊಳ್ಳಬೇಕಾದವರು, ವಿಶೇಷವಾಗಿ ಅಂಗಡಿಕಾರರು, 2004ರಲ್ಲಿ ವಿಶ್ವಬ್ಯಾಂಕಿನ ಪರಿಶೀಲನ ಸಮಿತಿಗೆ ದೂರು ಸಲ್ಲಿಸಿದರು. ತಮ್ಮೊಡನೆ ಸಮರ್ಪಕ ಸಮಾಲೋಚನೆ ನಡೆದಿಲ್ಲ, ಹೊಸ ಜಾಗ ವ್ಯಾಪಾರಕ್ಕೆ ಒದಗುವುದಿಲ್ಲ ಎಂಬುದು ಅವರ ಅಳಲು. 2006ರಲ್ಲಿ ಬ್ಯಾಂಕು ಕೆಲವು ತಿಂಗಳ ಕಾಲ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಒಂದು ಗುಂಪಿನ ಸಹಭಾಗಿತ್ವವು ಎಲ್ಲರ ಸಹಭಾಗಿತ್ವವಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಸತಿ ಕಳೆದುಕೊಳ್ಳುವವನ ಅಗತ್ಯ ಬೇರೆ, ಅಂಗಡಿ ಕಳೆದುಕೊಳ್ಳುವವನ ಅಗತ್ಯ ಬೇರೆ.

ಎರಡನೆಯ ಮಿತಿ ಮನೆಯ ರೂಪಕ್ಕೆ ಸಂಬಂಧಿಸಿದ್ದು. ಮಹಿಳೆಯರು ಕೇಳಿದ್ದು ಎತ್ತರದ ಕೋಣೆ, ಅಟ್ಟ, ಗಾಳಿ. ದೊರೆತದ್ದು ಬಹುಪಾಲು ಏಳೆಂಟು ಅಂತಸ್ತಿನ ಕಟ್ಟಡಗಳಲ್ಲಿ 225 ಚದರ ಅಡಿಯ ಮನೆ. ನೆಲದ ಬೆಲೆ ಅತಿಯಾಗಿರುವ ನಗರದಲ್ಲಿ ಖಾಸಗಿ ಬಿಲ್ಡರುಗಳಿಗೆ ಹೆಚ್ಚುವರಿ ನಿರ್ಮಾಣದ ಹಕ್ಕು ನೀಡಿ ಅವರಿಂದ ಪುನರ್ವಸತಿ ಮನೆಗಳನ್ನು ಪಡೆಯುವ ನೀತಿ ಇದಕ್ಕೆ ಕಾರಣ. ಈ ಕಟ್ಟಡಗಳನ್ನು ಒಂದಕ್ಕೊಂದು ತೀರ ಹತ್ತಿರ ಕಟ್ಟಲಾಗಿದೆ. ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್ ಮುಂತಾದ ಪುನರ್ವಸತಿ ಬಡಾವಣೆಗಳನ್ನು ಕುರಿತು 2018ರಲ್ಲಿ ಬೆಳಕಿಗೆ ಬಂದ ಅಧ್ಯಯನವೊಂದು ಬೆಳಕು ಮತ್ತು ಗಾಳಿಯ ಕೊರತೆಗೂ ಕ್ಷಯರೋಗದ ಹರಡುವಿಕೆಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿತು. ಸ್ಥಳಾಂತರದ ಕ್ರಮದಲ್ಲಿ ಜನರ ಮಾತು ನಡೆಯಿತು; ಕಟ್ಟಡದ ರೂಪದಲ್ಲಿ ನಡೆಯಲಿಲ್ಲ. ಸಹಭಾಗಿತ್ವವು ಎಲ್ಲಿ ನಿಂತುಹೋಯಿತು ಎಂಬುದನ್ನು ಗುರುತಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

8. ಓಣಿಯ ಘಟಕ: ಕೆಲವು ಹೋಲಿಕೆಗಳು

ಇದೇ ಕಾಲದಲ್ಲಿ ಕರಾಚಿಯ ಒರಂಗಿ ಬಡಾವಣೆಯಲ್ಲಿ ಅಖ್ತರ್ ಹಮೀದ್ ಖಾನ್ 1980ರಲ್ಲಿ ಆರಂಭಿಸಿದ ಪ್ರಯೋಗ ಹೋಲಿಕೆಗೆ ಯೋಗ್ಯವಾಗಿದೆ. ಅಲ್ಲಿ ಸಂಘಟನೆಯ ಘಟಕ ಓಣಿ. ಇಪ್ಪತ್ತು ಮೂವತ್ತು ಮನೆಗಳ ಓಣಿಯವರು ತಮ್ಮಲ್ಲೊಬ್ಬನನ್ನು ಆರಿಸಿ, ಹಣ ಕೂಡಿಸಿ, ಮನೆಯ ಶೌಚಾಲಯ ಮತ್ತು ಓಣಿಯ ಒಳಚರಂಡಿಯನ್ನು ತಾವೇ ಹಾಕಿಕೊಂಡರು. ಮುಖ್ಯ ಕೊಳವೆ ಮತ್ತು ಶುದ್ಧೀಕರಣದ ಹೊಣೆ ಸರ್ಕಾರದ್ದೆಂದು ವಿಂಗಡಿಸಲಾಯಿತು. ಜನರ ಪಾಲು ಯಾವುದು, ಸರ್ಕಾರದ ಪಾಲು ಯಾವುದು ಎಂಬ ಗೆರೆ ಅಲ್ಲಿ ನಿಚ್ಚಳವಾಗಿತ್ತು. ಒಡಿಶಾ ರಾಜ್ಯವು 2017ರಲ್ಲಿ ಕೊಳೆಗೇರಿವಾಸಿಗಳಿಗೆ ಭೂಮಿಯ ಹಕ್ಕು ನೀಡುವ ಕಾನೂನು ತಂದು, 2018ರಿಂದ 'ಜಾಗಾ ಮಿಷನ್' ಮೂಲಕ ನಿವಾಸಿಗಳ ಸಂಘಗಳನ್ನು ಒಳಗೊಂಡ ಸಮೀಕ್ಷೆ ಮತ್ತು ಸುಧಾರಣೆಗೆ ತೊಡಗಿತು. ಇದ್ದ ಜಾಗದಲ್ಲಿಯೇ ಹಕ್ಕು ದೊರೆತರೆ ಜನ ತಮ್ಮ ಮನೆಗೆ ತಾವೇ ಬಂಡವಾಳ ಹೂಡುತ್ತಾರೆ ಎಂಬ ತಿಳಿವು ಇದರ ಹಿಂದಿದೆ.

ಕರ್ನಾಟಕದ ಅನುಭವ ಮಿಶ್ರವಾದುದು. 2000ದ ದಶಕದ ಆರಂಭದಲ್ಲಿ ಬೆಂಗಳೂರು ಜಲಮಂಡಳಿಯು ಆಸ್ಟ್ರೇಲಿಯಾದ ನೆರವಿನ ಪ್ರಾಯೋಗಿಕ ಯೋಜನೆಯಲ್ಲಿ, ಹಕ್ಕುಪತ್ರವಿಲ್ಲದ ಕೊಳೆಗೇರಿವಾಸಿಗಳಿಗೂ ವಾಸದ ಬೇರೆ ದಾಖಲೆಗಳ ಆಧಾರದ ಮೇಲೆ ನೀರಿನ ಸಂಪರ್ಕ ನೀಡಲು ಮುಂದಾಯಿತು. ಇದರಿಂದ ನೀರಿನ ಹಕ್ಕು ನೆಲದ ಹಕ್ಕಿನಿಂದ ಬೇರ್ಪಟ್ಟಿತು. ಬೆಂಗಳೂರಿನ ಕೊಳೆಗೇರಿಯವರೇ ಹೊರತಂದ 'ಸ್ಲಂ ಜಗತ್ತು' ಎಂಬ ಕನ್ನಡ ಮಾಸಪತ್ರಿಕೆಯು ಕೇರಿಯ ಮಾತನ್ನು ಕೇರಿಯವರ ಕನ್ನಡದಲ್ಲಿಯೇ ದಾಖಲಿಸಿತು. ಇನ್ನೊಂದೆಡೆ 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಯಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬಲವಂತವಾಗಿ ತೆರವುಗೊಳಿಸಿದ ಘಟನೆ, 1981ರ ಮುಂಬಯಿಯ ನೋಟ ಇನ್ನೂ ಅಳಿದಿಲ್ಲವೆಂಬುದನ್ನು ನೆನಪಿಸಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಸಮುದಾಯದ ಸಹಭಾಗಿತ್ವ ಯಶಸ್ವಿಯಾದ ಕಡೆಗಳಲ್ಲೆಲ್ಲ ಅದು ಜನರಿಗೆ ಮೊದಲೇ ಗೊತ್ತಿದ್ದ ರೂಪಗಳ ಮೇಲೆ ನಿಂತಿದೆ. ದೇಹದ ಅಳತೆ, ಮೌಖಿಕ ಸಾಕ್ಷ್ಯ, ಹೊಸ್ತಿಲಿನ ಉಳಿತಾಯ, ಮೇಳ ಇವೆಲ್ಲ ಅಂಥ ರೂಪಗಳು. ಎರಡನೆಯದಾಗಿ, ಈ ಜ್ಞಾನದ ವಾಹಕರು ಬಹುಮಟ್ಟಿಗೆ ಮಹಿಳೆಯರು. ನೀರು, ಶೌಚ, ಮಕ್ಕಳು, ಒಲೆ ಇವುಗಳ ನಿತ್ಯದ ಹೊರೆ ಹೊತ್ತವರಿಗೇ ಪರಿಹಾರದ ಸೂಕ್ಷ್ಮವೂ ತಿಳಿದಿದೆ. ಮೂರನೆಯದಾಗಿ, ನೆಲದ ಬೆಲೆಯ ಒತ್ತಡ ಬಂದಾಗ ಸಹಭಾಗಿತ್ವದ ಹೊರರೂಪ ಉಳಿದು ತೀರ್ಮಾನದ ಅಧಿಕಾರ ಕೈತಪ್ಪುವ ಅಪಾಯವಿದೆ. ಜನರನ್ನು ಎಣಿಕೆಗೆ, ಉಳಿತಾಯಕ್ಕೆ, ಸ್ಥಳಾಂತರದ ಶಿಸ್ತಿಗೆ ಕರೆದು, ಮನೆಯ ಕಿಟಕಿ ಎಲ್ಲಿರಬೇಕೆಂದು ಕೇಳದಿದ್ದರೆ ಅದು ಅರೆ ಸಹಭಾಗಿತ್ವ.

ಜಾನಪದ ಅಧ್ಯಯನಕ್ಕೂ ಇಲ್ಲಿ ಒಂದು ಹೊಣೆಯಿದೆ. ಹಳ್ಳಿಯ ಮನೆಯ ಕಂಬ, ತೊಲೆ, ಜಗಲಿಗಳ ಹೆಸರುಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಕನ್ನಡದ ಜಾನಪದ ವಿದ್ವಾಂಸರು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳ ಕೊಳೆಗೇರಿಗಳಲ್ಲಿ ತಗಡು, ಟಾರ್ಪಾಲು, ಬಿದಿರುಗಳಿಂದ ಮನೆ ಕಟ್ಟುವವರ ಪದಕೋಶವನ್ನು, ನೀರಿನ ಸರದಿಯ ನಿಯಮಗಳನ್ನು, ಚೀಟಿ ಗುಂಪುಗಳ ಕಟ್ಟುಪಾಡುಗಳನ್ನು ಇನ್ನೂ ವ್ಯವಸ್ಥಿತವಾಗಿ ದಾಖಲಿಸಬೇಕಾಗಿದೆ. ಕೇರಿಯೊಂದು ತೆರವಾದಾಗ ಗುಡಿಸಲುಗಳ ಜೊತೆಗೆ ಈ ಜ್ಞಾನವೂ ಚದುರಿಹೋಗುತ್ತದೆ. ದಾಖಲೆಯಿದ್ದರೆ ಅದು ವಿದ್ವಾಂಸರಿಗೆ ಆಕರವಾಗುತ್ತದೆ. ಜೊತೆಗೆ, ಮುಂಬಯಿಯ ಎಣಿಕೆಯ ಪಟ್ಟಿಗಳು ತೋರಿಸಿಕೊಟ್ಟಂತೆ, ಆ ಕೇರಿಯವರ ಕೈಯಲ್ಲಿ ವಾಸದ ಪುರಾವೆಯೂ ಆಗಬಲ್ಲದು.